ಗೆಲ್ಲುವ ವಿದ್ಯೆಯನ್ನು ಎರಡು ಸಲ ಕಲಿತವರು

2009ರ ಬೇಸಿಗೆಯಲ್ಲಿ ಬಿಲ್ ಟಿಯರ್ನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಕ್ರಾಸ್ (ತುದಿಗೆ ಬಲೆಯಿರುವ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಆಟ) ತಂಡದ ಕೋಚ್ ಕೆಲಸ ಬಿಟ್ಟು ಡೆನ್ವರ್‌ಗೆ ಹೊರಟಾಗ ಅಮೆರಿಕದ ಲಕ್ರಾಸ್ ವಲಯ ತಬ್ಬಿಬ್ಬಾಯಿತು. ಪ್ರಿನ್ಸ್‌ಟನ್‌ನಲ್ಲಿ ಅವರು ಇಪ್ಪತ್ತೆರಡು ಋತುಗಳನ್ನು ಕಳೆದಿದ್ದರು. 238 ಪಂದ್ಯ ಗೆದ್ದಿದ್ದರು, ಸೋತದ್ದು 86 ಮಾತ್ರ. ಆರು ಸಲ ರಾಷ್ಟ್ರೀಯ ಚಾಂಪಿಯನ್, ಹದಿನಾಲ್ಕು ಸಲ ಐವಿ ಲೀಗ್ (ಹಾರ್ವರ್ಡ್, ಯೇಲ್ ಮೊದಲಾದ ಎಂಟು ವಿಶ್ವವಿದ್ಯಾಲಯಗಳ ಕೂಟ) ಚಾಂಪಿಯನ್. ವಯಸ್ಸು ಅರವತ್ತಕ್ಕೆ ಹತ್ತಿರ. ಇಷ್ಟೆಲ್ಲ ಆದ ಮೇಲೆ ಸಾಮಾನ್ಯವಾಗಿ ಮನುಷ್ಯರು ತಮ್ಮ ಹೆಸರಿನ ಒಂದು ಫಲಕಕ್ಕಾಗಿ ಕಾಯುತ್ತಾರೆ, ಶಿಷ್ಯರ ಮದುವೆಗಳಿಗೆ ಹೋಗಿಬರುತ್ತಾರೆ, ನಿವೃತ್ತಿಯ ದಿನಾಂಕ ನೋಡಿಕೊಳ್ಳುತ್ತಾರೆ. ಟಿಯರ್ನಿ ಮಾತ್ರ ಎರಡೂವರೆ ಸಾವಿರ ಕಿಲೋಮೀಟರಿಗೂ ಆಚೆ, ಆ ಆಟದ ರಾಷ್ಟ್ರೀಯ ಪ್ರಶಸ್ತಿ ಒಮ್ಮೆಯೂ ಮುಟ್ಟದಿದ್ದ ಬೆಟ್ಟದ ಸೀಮೆಗೆ ಗಂಟುಮೂಟೆ ಕಟ್ಟಿದರು.

ಅವರ ವೃತ್ತಿಜೀವನದ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಆ ಆರು ಪ್ರಶಸ್ತಿಗಳಿಂದಲ್ಲ, ಈ ಹೊರಡುವಿಕೆಯಿಂದ.

ನಾವಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಪ್ರಿನ್ಸ್‌ಟನ್ ಪಕ್ಕದ ಊರು. ಈ ಭಾಗದಲ್ಲಿ ಕನ್ನಡದವರ ಮನೆಗಳಿಗೆ ಬರವಿಲ್ಲ. ಯುಗಾದಿ, ರಾಜ್ಯೋತ್ಸವಗಳಿಗೆ ಸಭಾಂಗಣ ತುಂಬುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮಾರ್ಚ್ ಬಂತೆಂದರೆ ತುದಿಯಲ್ಲಿ ಬಲೆ ಕಟ್ಟಿದ ಕೋಲುಗಳನ್ನು ಹಿಡಿದು ಮೈದಾನಕ್ಕೆ ಹೋಗುತ್ತಾರೆ, ನಾವು ಮಡಚುವ ಕುರ್ಚಿಗಳನ್ನು ಹೊತ್ತು ಹಿಂಬಾಲಿಸುತ್ತೇವೆ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಮೊದಲು ಕಾಣುವುದು ಬರೀ ಗದ್ದಲ. ಹೆಲ್ಮೆಟ್ ತೊಟ್ಟವರು ಒಬ್ಬರ ಕೈಗೊಬ್ಬರು ಕೋಲಿನಿಂದ ಬಡಿಯುತ್ತಿರುತ್ತಾರೆ, ಚೆಂಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಗೋಲು ಆಗಿ ಹೋಗಿರುತ್ತದೆ. ಸ್ವಲ್ಪ ದಿನ ನೋಡಿದ ಮೇಲೆ ಗದ್ದಲಕ್ಕೂ ಒಂದು ವ್ಯಾಕರಣ ಇದೆಯೆಂದು ಹೊಳೆಯುತ್ತದೆ. ತಂಡಕ್ಕೆ ಹತ್ತು ಜನ: ಒಬ್ಬ ಗೋಲ್‌ಕೀಪರ್, ಮೂವರು ರಕ್ಷಕರು, ಮೂವರು ನಡುವಿನವರು, ಮೂವರು ಮುಂದಾಳುಗಳು. ಗೋಲು ಆರಡಿ ಅಗಲ, ಆರಡಿ ಎತ್ತರ. ರಕ್ಷಕರ ಕೈಯಲ್ಲಿ ಆರಡಿ ಉದ್ದದ ಕೋಲು, ಮುಂದಾಳುಗಳ ಕೈಯಲ್ಲಿ ಮೂರೂವರೆ ಅಡಿಯದು. ಚೆಂಡು ಗಟ್ಟಿ ರಬ್ಬರಿನದು. ಮೈಗೆ ಬಡಿದರೆ ಒಂದು ವಾರ ನೀಲಿಗಟ್ಟಿರುತ್ತದೆ.

ಈ ಆಟ ಇಂಗ್ಲಿಷರು ಕಂಡುಹಿಡಿದದ್ದಲ್ಲ, ಫ್ರೆಂಚರದೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೂ ಕೆನಡಾದ ಗಡಿಗೂ ಹಬ್ಬಿದ ಹೌಡನೊಶೋನಿ ಜನಾಂಗಗಳು ಇದನ್ನು ಸೃಷ್ಟಿಕರ್ತನಿಗೆ ಸಲ್ಲಿಸುವ ಸೇವೆಯೆಂದು ಆಡುತ್ತಿದ್ದವು, ಇಂದಿಗೂ ಆಡುತ್ತವೆ. 1867ರಲ್ಲಿ ಮಾಂಟ್ರಿಯಲ್‌ನ ವಿಲಿಯಂ ಜಾರ್ಜ್ ಬಿಯರ್ಸ್ ಎಂಬ ದಂತವೈದ್ಯರು ನಿಯಮಗಳನ್ನು ಬರೆದು ಅಚ್ಚುಹಾಕಿಸಿದ ಮೇಲೆ ಅದು ಕ್ಲಬ್ಬುಗಳ, ಕಾಲೇಜುಗಳ ಆಟವಾಯಿತು. ಮುಂದಿನ ನೂರು ವರ್ಷ ಅಮೆರಿಕದಲ್ಲಿ ಅದು ಕೆಲವೇ ಜಾಗಗಳಿಗೆ ಅಂಟಿಕೊಂಡಿತ್ತು: ಬಾಲ್ಟಿಮೋರ್ ಸುತ್ತಮುತ್ತ, ನ್ಯೂಯಾರ್ಕ್ ರಾಜ್ಯದ ಉತ್ತರದ ಊರುಗಳು, ಮತ್ತು ನ್ಯೂಯಾರ್ಕ್ ನಗರಕ್ಕೆ ಹೊಂದಿಕೊಂಡ ಲಾಂಗ್ ಐಲ್ಯಾಂಡ್. ಕಾಲೇಜು ಚಾಂಪಿಯನ್‌ಷಿಪ್ ಈಗಿನ ರೂಪದಲ್ಲಿ ಶುರುವಾದದ್ದು 1971ರಲ್ಲಿ. ಅಲ್ಲಿಂದ 1991ರವರೆಗೆ ಪ್ರಶಸ್ತಿ ಗೆದ್ದವು ಆರೇ ಆರು ಕಾಲೇಜುಗಳು: ಕಾರ್ನೆಲ್, ಮೇರಿಲ್ಯಾಂಡ್, ವರ್ಜೀನಿಯಾ, ಜಾನ್ಸ್ ಹಾಪ್ಕಿನ್ಸ್, ನಾರ್ತ್ ಕ್ಯಾರೊಲಿನಾ, ಸಿರಕ್ಯೂಸ್. ಆರು ಮನೆಗಳೊಳಗೇ ಕೊಡುಕೊಳ್ಳುವ ಸಂಬಂಧ ಎನ್ನಬಹುದು.

ಟಿಯರ್ನಿ ಲಾಂಗ್ ಐಲ್ಯಾಂಡಿನ ಲೆವಿಟೌನ್‌ನವರು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗಾಗಿ ಆಲೂಗಡ್ಡೆ ಹೊಲಗಳ ಮೇಲೆ ಒಂದೇ ಅಚ್ಚಿನ ಸಾವಿರಾರು ಮನೆಗಳನ್ನು ಎಬ್ಬಿಸಿದ ಬಡಾವಣೆ ಅದು. ಪ್ರಿನ್ಸ್‌ಟನ್‌ನ ಐವಿ ಬಳ್ಳಿ ಹಬ್ಬಿದ ಕಲ್ಲುಕಟ್ಟಡಗಳಿಗೂ ಆ ಊರಿಗೂ ಅಜಗಜಾಂತರ. ಅವರು ಓದಿದ್ದು ಕಾರ್ಟ್‌ಲ್ಯಾಂಡ್‌ನ ಸರ್ಕಾರಿ ಕಾಲೇಜಿನಲ್ಲಿ, ಪದವಿ 1973ರಲ್ಲಿ. ಆಮೇಲೆ ಲಾಂಗ್ ಐಲ್ಯಾಂಡಿನ ಹೈಸ್ಕೂಲುಗಳಲ್ಲಿ ಕೋಚ್ ಆದರು. ಶಾಲೆಯ ಗಂಟೆ ಬಾರಿಸಿದ ಮೇಲೆ ಮೈದಾನಕ್ಕಿಳಿಯುವ, ಚೆಂಡು ಹೆಕ್ಕುವುದರಿಂದ ಹಿಡಿದು ಎಲ್ಲವನ್ನೂ ತಾನೇ ನೋಡಿಕೊಳ್ಳುವ ಕೆಲಸ. ದೊಡ್ಡ ಕಾಲೇಜುಗಳ ಕೋಚ್‌ಗಳಲ್ಲಿ ಅನೇಕರು ತಾವೇ ಹೆಸರಾಂತ ಆಟಗಾರರಾಗಿದ್ದವರು. ಟಿಯರ್ನಿ ಬಂದದ್ದು ಶಾಲೆಯ ಮೈದಾನದಿಂದ. ಅವರ ವೃತ್ತಿಯನ್ನು ಮೊದಲಿನಿಂದ ನೋಡಿದರೆ ಈ ಮೇಷ್ಟರತನ ಕೊನೆಯವರೆಗೂ ಹೋಗಲಿಲ್ಲ ಎನಿಸುತ್ತದೆ. ಪ್ರತಿಭೆ ಇದ್ದವನು ಅರ್ಧ ಮಾತಿನಲ್ಲಿ ಗ್ರಹಿಸುತ್ತಾನೆ. ಇಲ್ಲದವನಿಗೆ ಕಾಲು ಎಲ್ಲಿಡಬೇಕು, ಮುಖ ಯಾವ ಕಡೆ ತಿರುಗಿರಬೇಕು ಎಂದು ಹೇಳಬೇಕು, ಮರುದಿನ ಮತ್ತೆ ಹೇಳಬೇಕು. ಹೈಸ್ಕೂಲಿನಲ್ಲಿ ಎರಡನೆಯವರೇ ಹೆಚ್ಚು.

1982ರಿಂದ ಮೂರು ಋತು ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮುಖ್ಯ ಕೋಚ್. ಅದು ಮೂರನೆಯ ಶ್ರೇಣಿಯ ಕಾಲೇಜು ಲಕ್ರಾಸ್. ಅಲ್ಲಿ ಮುಖ್ಯ ಸ್ಥಾನದಲ್ಲಿದ್ದವರು ಅದನ್ನು ಬಿಟ್ಟು ಜಾನ್ಸ್ ಹಾಪ್ಕಿನ್ಸ್‌ಗೆ ಸಹಾಯಕರಾಗಿ ಹೋದರು. ಬಾಲ್ಟಿಮೋರ್‌ನ ಈ ವಿಶ್ವವಿದ್ಯಾಲಯ ನಮ್ಮವರಿಗೆ ವೈದ್ಯಕೀಯದಿಂದ ಪರಿಚಿತ. ಅಮೆರಿಕದವರ ಪಾಲಿಗೆ ಅದು ಲಕ್ರಾಸ್‌ನ ಗುರುಮನೆಯೂ ಹೌದು. ಡಾನ್ ಝಿಮ್ಮರ್‌ಮನ್ ಅಲ್ಲಿ ಮುಖ್ಯ ಕೋಚ್ ಆಗಿದ್ದರು. ಟಿಯರ್ನಿ ಜೊತೆಗಿದ್ದ ಮೂರು ಋತುಗಳಲ್ಲಿ ಹಾಪ್ಕಿನ್ಸ್ ಎರಡು ಪ್ರಶಸ್ತಿ ಗೆದ್ದಿತು, 1985 ಮತ್ತು 1987ರಲ್ಲಿ. ಸಾಲದ್ದಕ್ಕೆ ಅದೇ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೂ (ನಾವು ಫುಟ್‌ಬಾಲ್ ಎನ್ನುವ ಫುಟ್‌ಬಾಲ್, ಅಮೆರಿಕದವರದಲ್ಲ) ಅವರೇ ಕೋಚ್. ಮುಂಬಡ್ತಿಗಾಗಿ ಒಂದು ಮೆಟ್ಟಿಲು ಕೆಳಗಿಳಿಯುವುದು ನಮ್ಮ ಕಡೆ ಅಪರೂಪ. ಮುಖ್ಯೋಪಾಧ್ಯಾಯರಾಗಿದ್ದವರು ಬೇರೆ ಶಾಲೆಗೆ ಸಹಶಿಕ್ಷಕರಾಗಿ ಹೋದರೆ ಊರಲ್ಲಿ ಏನೇನೋ ಕಥೆ ಹುಟ್ಟುತ್ತದೆ. ಟಿಯರ್ನಿ ಮಟ್ಟಿಗೆ ಅದು ಸರಿಯಾದ ಲೆಕ್ಕಾಚಾರವಾಗಿತ್ತು.

ಪ್ರಿನ್ಸ್‌ಟನ್ ಅವರನ್ನು ಕರೆದದ್ದು 1988ರ ಋತುವಿಗೆ. ಹಳೆಯ ವೈಭವವಿದ್ದ, ಹೊಸದೇನೂ ಇಲ್ಲದ ತಂಡ ಅದು. ಐವಿ ಲೀಗ್ ಪ್ರಶಸ್ತಿ ಕೊನೆಯ ಸಲ ಬಂದದ್ದು 1967ರಲ್ಲಿ. ಮೊದಲ ವರ್ಷ ಟಿಯರ್ನಿ ಎರಡು ಪಂದ್ಯ ಗೆದ್ದರು, ಹದಿಮೂರು ಸೋತರು.

ಇಲ್ಲಿ ಐವಿ ಲೀಗಿನ ಕಟ್ಟಳೆಯೊಂದನ್ನು ಹೇಳಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಆ ಎಂಟು ವಿಶ್ವವಿದ್ಯಾಲಯಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಎದುರಾಳಿ ಕಾಲೇಜು ಶುಲ್ಕ ಮನ್ನಾ ಮಾಡುತ್ತೇನೆ ಬಾ ಎನ್ನುತ್ತಿರುವಾಗ, ಪ್ರಿನ್ಸ್‌ಟನ್ ಕೋಚ್ ಹುಡುಗನ ಮನೆಯ ಸೋಫಾದಲ್ಲಿ ಕುಳಿತು, ನಿಮ್ಮ ಮಗನ ಅಂಕಗಳು ಹೀಗಿರಬೇಕು, ಪ್ರವೇಶ ಸಿಕ್ಕರೆ ಹಣ ನೀವೇ ಹೊಂದಿಸಬೇಕು ಅಥವಾ ಮನೆಯ ಆದಾಯ ನೋಡಿ ಕೊಡುವ ನೆರವಿಗೆ ಅರ್ಜಿ ಹಾಕಬೇಕು ಎನ್ನಬೇಕು. ಜೊತೆಗೆ ತಂಡ ಹದಿಮೂರು ಸೋತಿದೆ. ಇಂಥ ಕೈಯಲ್ಲಿ ಟಿಯರ್ನಿ ಆಡಿದ ಇಸ್ಪೀಟೆಲೆ ಯಾವುದು? ತಾವು ಸೇರಿಸಿಕೊಂಡ ಮೊದಲ ತಂಡದ ಹುಡುಗರಿಗೆ, ನೀವು ಇಲ್ಲಿಂದ ಪದವಿ ಪಡೆದು ಹೋಗುವ ಮುನ್ನ ರಾಷ್ಟ್ರೀಯ ಚಾಂಪಿಯನ್ನರಾಗಿರುತ್ತೀರಿ ಎಂದು ಮಾತು ಕೊಟ್ಟರೆಂಬುದು ಪ್ರಿನ್ಸ್‌ಟನ್ನಿನಲ್ಲಿ ಇವತ್ತಿಗೂ ಓಡಾಡುವ ಕಥೆ. ಕೋಚ್‌ಗಳು ಇಂಥ ಮಾತು ದಿನಕ್ಕೆ ಹತ್ತು ಆಡುತ್ತಾರೆ. ನೆನಪಿನಲ್ಲಿ ಉಳಿಯುವುದು ನಿಜವಾದವು ಮಾತ್ರ. 1990ರಲ್ಲಿ ತಂಡ ಮೊದಲ ಸಲ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಪಡೆಯಿತು. 1992ರಲ್ಲಿ, ಆ ಮೊದಲ ಹುಡುಗರು ನಾಲ್ಕನೆಯ ವರ್ಷದಲ್ಲಿದ್ದಾಗ, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಫೀಲ್ಡಿನಲ್ಲಿ ಫೈನಲ್ ಆಡಿತು. ಎದುರು ಸಿರಕ್ಯೂಸ್, ಆ ಕಾಲದ ಅತಿ ವೇಗದ, ಅತಿ ಸೊಗಸಿನ ತಂಡ. ನಿಗದಿತ ಸಮಯಕ್ಕೆ 9–9. ಮೊದಲ ಹೆಚ್ಚುವರಿ ಅವಧಿಯಲ್ಲೂ ಇತ್ಯರ್ಥವಾಗಲಿಲ್ಲ. ಎರಡನೆಯದು ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಆಂಡಿ ಮೋ ಗೋಲು ಹೊಡೆದರು. ಗೆದ್ದವರ ಪಟ್ಟಿಗೆ ಏಳನೆಯ ಹೆಸರು ಸೇರಿತು.

ಪ್ರಿನ್ಸ್‌ಟನ್ ಗೆದ್ದದ್ದು ಹೇಗೆ ಎಂದು ಕೇಳಿದರೆ ಆ ಕಾಲವನ್ನು ಬಲ್ಲವರು ಒಂದೇ ಉತ್ತರ ಕೊಡುತ್ತಾರೆ: ರಕ್ಷಣೆ. ಲಕ್ರಾಸ್‌ನಲ್ಲಿ ಚೆಂಡು ಹಿಡಿದವನಿಗೆ ಸಹಜವಾಗಿಯೇ ಮೇಲುಗೈ. ಒಬ್ಬನ ಮೇಲೊಬ್ಬ ನಿಂತರೆ ಒಳ್ಳೆಯ ಮುಂದಾಳು ಎದುರಿನವನನ್ನು ಇವತ್ತಲ್ಲ ನಾಳೆ ದಾಟಿಯೇ ದಾಟುತ್ತಾನೆ. ಅವನು ದಾಟಿದ ಕ್ಷಣ ಪಕ್ಕದ ರಕ್ಷಕ ತನ್ನವನನ್ನು ಬಿಟ್ಟು ಅಡ್ಡ ಬರಬೇಕು. ಬಿಟ್ಟುಬಂದವನನ್ನು ಮೂರನೆಯವನು ನೋಡಿಕೊಳ್ಳಬೇಕು. ಮೂರನೆಯವನು ಬಿಟ್ಟ ಜಾಗಕ್ಕೆ ನಾಲ್ಕನೆಯವನು. ಕಬಡ್ಡಿಯಲ್ಲಿ ರೈಡರ್ ಒಂದು ಮೂಲೆಗೆ ಕೈ ಚಾಚಿದರೆ ಇಡೀ ಸರಪಳಿ ವಾಲುತ್ತದಲ್ಲ, ಹಾಗೆ. ಇದನ್ನು ಅವರು ಸ್ಲೈಡ್ ಎನ್ನುತ್ತಾರೆ. ಎಲ್ಲ ತಂಡಗಳೂ ಮಾಡುತ್ತಿದ್ದುದೇ. ಟಿಯರ್ನಿ ಮಾಡಿದ್ದು, ಯಾರು ಮೊದಲು ಹೊರಡಬೇಕು, ಯಾವ ಕೋನದಿಂದ, ಎರಡನೆಯವನು ಎಷ್ಟು ಹೊತ್ತಿಗೆ, ಚೆಂಡು ಆಚೆ ಹೋದರೆ ಎಲ್ಲರೂ ಹೇಗೆ ಸ್ವಸ್ಥಾನಕ್ಕೆ ಮರಳಬೇಕು ಎಂಬುದನ್ನು ಪಾಠದಂತೆ ಕಟ್ಟಿ, ಬಾಯಿಪಾಠವಾಗುವವರೆಗೆ ತಿದ್ದಿಸಿದ್ದು. ರಕ್ಷಕರು ಪಂದ್ಯದುದ್ದಕ್ಕೂ ಮಾತನಾಡುತ್ತಲೇ ಇರಬೇಕು. ಸುಮ್ಮನಿರುವ ರಕ್ಷಕ ಇಲ್ಲದಂತೆಯೇ. ಹಿಂದೆ ಸ್ಕಾಟ್ ಬಾಸಿಗಲೂಪೊ ಎಂಬ ಗೋಲ್‌ಕೀಪರ್. 1992ರಲ್ಲೂ 1994ರಲ್ಲೂ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ.

ಆ 1992ರ ತಂಡದ ರಕ್ಷಕರಲ್ಲಿ ಮಿಷಿಗನ್‌ನಿಂದ ಬಂದ ಡೇವಿಡ್ ಮಾರೋ ಎಂಬವರಿದ್ದರು. ಅಲ್ಯೂಮಿನಿಯಂ ಕೋಲುಗಳು ಬಾಗಿಹೋಗುತ್ತವೆಂದು ಬೇಸತ್ತು, ಲೋಹದ ಕೊಳವೆಯ ಕೆಲಸ ಮಾಡುತ್ತಿದ್ದ ತಂದೆಯ ಕಾರ್ಖಾನೆಯಲ್ಲಿ ಟೈಟಾನಿಯಂ ಕೋಲು ಮಾಡಿಸಿದರು. ಅದೇ ಮುಂದೆ ವಾರಿಯರ್ ಎಂಬ ದೊಡ್ಡ ಕಂಪನಿಯಾಯಿತು. ನಮ್ಮ ಬೀದಿಯ ಹುಡುಗರ ಕೈಯಲ್ಲಿರುವ ಕೋಲುಗಳಲ್ಲಿ ಅರ್ಧಕ್ಕೆ ಆ ಹೆಸರಿದೆ. ಇದು ಕೋಚ್ ಕಥೆಗೆ ಸಂಬಂಧಿಸಿದ್ದಲ್ಲ, ಆದರೆ ಬಿಡಲು ಮನಸ್ಸಾಗಲಿಲ್ಲ.

ಪ್ರಿನ್ಸ್‌ಟನ್ ಗೆದ್ದ ಆರು ಫೈನಲ್‌ಗಳ ಅಂಕಗಳನ್ನು ಸಾಲಾಗಿ ಇಟ್ಟು ನೋಡಿ. 1992ರಲ್ಲಿ ಸಿರಕ್ಯೂಸ್ ವಿರುದ್ಧ 10–9. 1994ರಲ್ಲಿ ವರ್ಜೀನಿಯಾ ವಿರುದ್ಧ 9–8. 1996ರಲ್ಲಿ ಮತ್ತೆ ವರ್ಜೀನಿಯಾ, 13–12. 2001ರಲ್ಲಿ ಮತ್ತೆ ಸಿರಕ್ಯೂಸ್, 10–9. ನಾಲ್ಕೂ ಒಂದು ಗೋಲಿನ ಗೆಲುವು, ನಾಲ್ಕೂ ಹೆಚ್ಚುವರಿ ಸಮಯದಲ್ಲಿ. 1997 ಮತ್ತು 1998 ಮಾತ್ರ ಬೇರೆ ಜಾತಿ: ಎರಡೂ ಸಲ ಮೇರಿಲ್ಯಾಂಡನ್ನು 19–7, 15–5ರಿಂದ ಒರೆಸಿಹಾಕಿದ್ದು. ಜೆಸ್ಸಿ ಹಬ್ಬರ್ಡ್, ಜಾನ್ ಹೆಸ್, ಕ್ರಿಸ್ ಮ್ಯಾಸಿ ಎಂಬ ಮೂವರು ಮುಂದಾಳುಗಳು ಆಗ ಒಟ್ಟಿಗೆ ಆಡುತ್ತಿದ್ದರು. 1997ರಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ. ಉಳಿದ ನಾಲ್ಕರಲ್ಲೂ ಒಂದೊಂದು ಹೊಡೆತ ಕಂಬಕ್ಕೆ ಬಡಿದಿದ್ದರೆ, ಎರಡೇ ಪ್ರಶಸ್ತಿಯ, ಒಳ್ಳೆಯವರೆನಿಸಿಕೊಂಡು ಮರೆತುಹೋದ ಕೋಚ್ ಒಬ್ಬರ ಬಗ್ಗೆ ನಾನು ಬರೆಯುತ್ತಿರಲಿಲ್ಲ. ಹಾಗಾದರೆ ಇದೆಲ್ಲ ಅದೃಷ್ಟವೇ? ಒಂದು ಸಲ ಆದರೆ ಅದೃಷ್ಟ. ನಾಲ್ಕಕ್ಕೆ ನಾಲ್ಕೂ ಒಂದೇ ಕಡೆ ವಾಲಿದಾಗ, ದಣಿದ ಹುಡುಗರು ದಣಿವಿನಲ್ಲೂ ಸರಿಯಾದ ಜಾಗದಲ್ಲಿ ನಿಂತಿರುತ್ತಿದ್ದರು ಎಂದೇ ನಾನು ಓದಿಕೊಳ್ಳುತ್ತೇನೆ. ಹೆಚ್ಚುವರಿ ಸಮಯದಲ್ಲಿ ಹೊಸ ಬುದ್ಧಿ ಯಾರಿಗೂ ಬರುವುದಿಲ್ಲ; ರೂಢಿಯಾದದ್ದು ಮಾತ್ರ ಕೈಗೆ ಬರುತ್ತದೆ.

2001ರ ಫೈನಲ್ ನಡೆದದ್ದು ನಮ್ಮ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ, ರಟ್ಗರ್ಸ್ ಕ್ರೀಡಾಂಗಣದಲ್ಲಿ. ಪ್ರಿನ್ಸ್‌ಟನ್ ಗೋಲಿನಲ್ಲಿ ನಿಂತಿದ್ದವರು ಟ್ರೆವರ್ ಟಿಯರ್ನಿ, ಕೋಚ್ ಮಗ. ಸಿರಕ್ಯೂಸ್ ಕೊನೆಗೆ ಸಮ ಮಾಡಿಕೊಂಡಿತು, ಹೆಚ್ಚುವರಿ ಸಮಯದಲ್ಲಿ ಬಿ.ಜೆ. ಪ್ರೇಗರ್ ಗೆಲುವಿನ ಗೋಲು ಹೊಡೆದರು. ಅಪ್ಪ ಕಟ್ಟಿದ ರಕ್ಷಣೆಯ ಕೊನೆಯ ಕಂಬವಾಗಿ ಮಗ ನಿಲ್ಲುವುದು ಕೇಳಲು ಚೆಂದ. ಆದರೆ ಪ್ರತಿ ಗೋಲಿಗೂ ಲೆಕ್ಕ ಕೇಳುವ ಅಪ್ಪನ ಎದುರು, ಬಿಡುವ ಪ್ರತಿ ಗೋಲೂ ತನ್ನದೇ ಎನಿಸುವ ಸ್ಥಾನದಲ್ಲಿ ನಾಲ್ಕು ವರ್ಷ ನಿಲ್ಲುವುದು ಯಾವ ಮಗನಿಗೂ ಸುಲಭವಿರಲಿಕ್ಕಿಲ್ಲ. ಊಟದ ಮೇಜಿನಲ್ಲಿ ಅವರಿಬ್ಬರು ಏನು ಮಾತನಾಡಿಕೊಳ್ಳುತ್ತಿದ್ದರೋ. ಮುಂದೆ ಟ್ರೆವರ್ ಡೆನ್ವರ್‌ನಲ್ಲಿ ಅಪ್ಪನ ಸಹಾಯಕ ಕೋಚ್ ಆಗಿಯೂ ಕೆಲಸ ಮಾಡಿದರು. ಇನ್ನೊಬ್ಬ ಮಗ ಬ್ರೆಂಡನ್ ಕೂಡ ಪ್ರಿನ್ಸ್‌ಟನ್ನಿನಲ್ಲೇ ಆಡಿದವರು. ಕೋಚ್ ಟಿಯರ್ನಿಯವರ ಸಹೋದರನ ಮಗ ಸೆತ್ ಟಿಯರ್ನಿ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಕೋಚ್ ಆದವರು. ಆ ಮನೆತನದಲ್ಲಿ ಇದು ಕುಲಕಸುಬಾಗಿಬಿಟ್ಟಿದೆ.

ಟಿಯರ್ನಿ ಸೌಮ್ಯ ಸ್ವಭಾವದವರೆಂದು ಯಾರೂ ಹೇಳುವುದಿಲ್ಲ. ಅಂಚಿನ ಗೆರೆಯ ಮೇಲೆ ಕೆಂಪಗಾಗಿ ಅಂಪೈರುಗಳ ಮೇಲೆ ಕೂಗಾಡುವುದಕ್ಕೆ ಅವರು ಹೆಸರುವಾಸಿ. ಅವರ ತಂಡಗಳ ಆಟವೂ ಎಲ್ಲರಿಗೆ ಹಿಡಿಸುತ್ತಿರಲಿಲ್ಲ. ಇಂತಿಷ್ಟು ಸೆಕೆಂಡಿನೊಳಗೆ ಗೋಲಿಗೆ ಎಸೆಯಲೇಬೇಕೆಂಬ ಗಡಿಯಾರ ಕಾಲೇಜು ಪುರುಷರ ಲಕ್ರಾಸ್‌ಗೆ ಬಂದದ್ದು 2019ರಲ್ಲಿ. ಅದಕ್ಕೂ ಮೊದಲು ಚೆಂಡನ್ನು ತಮ್ಮೊಳಗೇ ಸುತ್ತಿಸುತ್ತ ಎದುರಾಳಿಯ ತಾಳ್ಮೆ ತಿನ್ನಬಹುದಿತ್ತು. ಸಿರಕ್ಯೂಸ್ ಆಟ ನೋಡಲು ಹೋದವರು ಸಂಭ್ರಮಪಟ್ಟು ಬರುತ್ತಿದ್ದರು, ಪ್ರಿನ್ಸ್‌ಟನ್ ಆಟ ನೋಡಲು ಹೋದವರು ಗೆಲುವನ್ನು ನೋಡಿ ಬರುತ್ತಿದ್ದರು. ನನಗೆ ಮೊದಲನೆಯದೇ ಇಷ್ಟ. ಮಕ್ಕಳಿಗೆ ಕಲಿಸುವವರು ಎರಡನೆಯ ಥರದವರಿರಲಿ ಎಂಬ ಆಸೆಯೂ ಇದೆ. ಕೂಗಾಟದ ವಿಷಯದಲ್ಲಿ ಮಾತ್ರ ನನಗೆ ರಿಯಾಯಿತಿ ಇಲ್ಲ. ದೊಡ್ಡ ಕೋಚ್ ಕೂಗಿದ್ದನ್ನು ಟಿವಿಯಲ್ಲಿ ನೋಡಿದ ಅಪ್ಪಂದಿರು ಶನಿವಾರ ಬೆಳಗ್ಗೆ ಹತ್ತು ವರ್ಷದ ಮಕ್ಕಳ ಪಂದ್ಯದಲ್ಲಿ, ಹದಿನಾರು ವರ್ಷದ ಅಂಪೈರ್ ಹುಡುಗನ ಮೇಲೆ ಅದನ್ನೇ ಪ್ರಯೋಗಿಸುತ್ತಾರೆ. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ.

2001ರ ನಂತರ ಪ್ರಿನ್ಸ್‌ಟನ್ ಮತ್ತೆ ಪ್ರಶಸ್ತಿ ಗೆಲ್ಲಲಿಲ್ಲ. 2002ರ ಫೈನಲ್‌ನಲ್ಲಿ ಸಿರಕ್ಯೂಸ್ ಎದುರು 13–12ರಿಂದ ಸೋತಿತು. ಒಂದು ಗೋಲು ಈ ಸಲ ಆಚೆ ಬಿತ್ತು. 2004ರಲ್ಲಿ ಸೆಮಿಫೈನಲ್. ಮುಂದಿನ ಐದು ವರ್ಷ ಅಲ್ಲಿಗೂ ತಲುಪಲಿಲ್ಲ. ತಂಡ ಕೆಟ್ಟದ್ದೇನೂ ಆಗಿರಲಿಲ್ಲ, ಗೆಲ್ಲುತ್ತಲೇ ಇತ್ತು. ಆದರೆ ಹತ್ತು ವರ್ಷ ಒಬ್ಬರೇ ಬಲ್ಲ ಗುಟ್ಟು ಎಷ್ಟು ದಿನ ಗುಟ್ಟಾಗಿರುತ್ತದೆ? ಅವರ ಸಹಾಯಕರು, ಶಿಷ್ಯರು ಬೇರೆ ಕಾಲೇಜುಗಳಿಗೆ ಹೋಗಿ ಅದೇ ಪಾಠ ಹೇಳುತ್ತಿದ್ದರು. ಎಲ್ಲರೂ ಸರಿಯಾಗಿ ಸರಿದಾಡಲು ಕಲಿತ ಮೇಲೆ ಸರಿದಾಡುವುದರಲ್ಲಿ ಹೆಚ್ಚುಗಾರಿಕೆ ಉಳಿಯಲಿಲ್ಲ. 2009ರ ನಿರ್ಧಾರವನ್ನು ನಾನು ಓದುವುದು ಹೀಗೆ: ಅವರು ಗೆಲುವಿನ ತುದಿಯಲ್ಲಿ ನಿಂತು ಹೊರಡಲಿಲ್ಲ, ತಮ್ಮ ವಿದ್ಯೆ ಸವೆಯುತ್ತಿರುವಾಗ ಹೊರಟರು. ಅದನ್ನು ಸಾಹಸ ಎಂದು ಕರೆಯುವವರಿಗೆ ನನ್ನ ಅಡ್ಡಿಯಿಲ್ಲ, ಆದರೆ ವಿವೇಕ ಎಂಬ ಮಾತೇ ಹೆಚ್ಚು ಸರಿ ಎನಿಸುತ್ತದೆ.

ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಡಬೇಕು. 1998ರ ವಿಶ್ವ ಚಾಂಪಿಯನ್‌ಷಿಪ್ ಬಾಲ್ಟಿಮೋರ್‌ನಲ್ಲಿ ನಡೆದಾಗ ಅಮೆರಿಕ ತಂಡದ ಕೋಚ್ ಟಿಯರ್ನಿ. ಕೆನಡಾ ವಿರುದ್ಧದ ಫೈನಲ್‌ನಲ್ಲಿ ಅಮೆರಿಕ ದೊಡ್ಡ ಮುನ್ನಡೆ ಪಡೆದಿತ್ತು. ಪಂದ್ಯ ಮುಗಿದೇಹೋಯಿತು ಎನ್ನುವ ಹಾಗಿತ್ತು. ಕೆನಡಾದವರು ಒಂದೊಂದಾಗಿ ಗೋಲು ಹೊಡೆಯುತ್ತ ಸಮಕ್ಕೆ ಬಂದರು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಅಮೆರಿಕ 15–14ರಿಂದ ಗೆದ್ದಿತು. ರಕ್ಷಣೆಯೇ ಉಸಿರಾಗಿದ್ದ ಕೋಚ್‌ನ ಎದುರು, ಅವರ ದೇಶದ ಆಯ್ದ ರಕ್ಷಕರನ್ನೇ ಸೀಳಿದ ಆ ಆಟ ಅವರ ತಲೆಯಲ್ಲಿ ಉಳಿಯದೇ ಇರುವುದು ಹೇಗೆ? ಇದು ನನ್ನ ಊಹೆ. ಆದರೆ ಡೆನ್ವರ್‌ನಲ್ಲಿ ಅವರು ಮಾಡಿದ್ದನ್ನು ನೋಡಿದರೆ ಊಹೆಗೆ ಬಲ ಬರುತ್ತದೆ.

ಕೆನಡಾದ ಹುಡುಗರು ಕಲಿಯುವುದು ಬೇರೆ ಲಕ್ರಾಸ್. ಬೇಸಿಗೆಯಲ್ಲಿ ಹಾಕಿ ಅಂಗಣದ ಮಂಜು ಕರಗಿಸಿ, ಬರಿದಾದ ಸಿಮೆಂಟ್ ನೆಲದ ಮೇಲೆ, ಸುತ್ತ ಹಲಗೆ ಕಟ್ಟಿದ ಜಾಗದಲ್ಲಿ ಕಡೆಗೆ ಆರು ಜನರಂತೆ ಆಡುವ ಆಟ. ಬಾಕ್ಸ್ ಲಕ್ರಾಸ್ ಎಂದು ಹೆಸರು. ಗೋಲು ಚಿಕ್ಕದು, ಅದರ ಮುಂದೆ ಗುಡಾರದಷ್ಟು ಕವಚ ತೊಟ್ಟ ಗೋಲ್‌ಕೀಪರ್. ತೂರಲು ಸಿಗುವುದು ಭುಜದ ಮೇಲೊಂದು ಗೇಣು, ಮೊಣಕಾಲ ಪಕ್ಕ ಇನ್ನೊಂದು ಗೇಣು. ಓಡಲು ಜಾಗವಿಲ್ಲ, ಆದ್ದರಿಂದ ಇಬ್ಬರು ಮೂವರು ಒಬ್ಬರಿಗೊಬ್ಬರು ಮೈ ಅಡ್ಡವಿಟ್ಟು ದಾರಿ ಮಾಡಿಕೊಡಬೇಕು. ಅಲ್ಲಿ ಬೆಳೆದ ಹುಡುಗನನ್ನು ಹೊರಾಂಗಣದ ಆರಡಿ ಗೋಲಿನ ಮುಂದೆ ನಿಲ್ಲಿಸಿದರೆ ಅವನಿಗೆ ಅದು ಊರ ಹೆಬ್ಬಾಗಿಲಿನಂತೆ ಕಾಣುತ್ತದೆ. ಲಾಂಗ್ ಐಲ್ಯಾಂಡಿನ ಹುಡುಗ ಎರಡೂ ಕೈಯಲ್ಲಿ ಎಸೆಯುವುದನ್ನು ಕಲಿತಿರುತ್ತಾನೆ, ಕೆನಡಾದವನು ಒಂದೇ ಕೈ ನೆಚ್ಚಿಕೊಂಡಿರುತ್ತಾನೆ. ಪೂರ್ವದ ಕೋಚ್‌ಗಳು ಬಹುಕಾಲ ಇದನ್ನು ಕೊರತೆ ಎಂದೇ ಎಣಿಸಿದ್ದರು.

ಡೆನ್ವರ್ ತಂಡದಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ ಬಂದು ಅಲ್ಲೇ ಆಡಿ ಬೆಳೆದ ಮ್ಯಾಟ್ ಬ್ರೌನ್ ಎಂಬ ಯುವ ಸಹಾಯಕ ಕೋಚ್ ಇದ್ದರು. ಟಿಯರ್ನಿ ದಾಳಿಯ ಹೊಣೆಯನ್ನು ಅವರಿಗೆ ಬಿಟ್ಟುಕೊಟ್ಟರು. ಆರು ಪ್ರಶಸ್ತಿ ಗೆದ್ದವರು ಹೊಸ ಊರಿಗೆ ಬಂದಾಗ ತಮ್ಮ ಪುಸ್ತಕವನ್ನೇ ತೆರೆಯುತ್ತಾರೆ ಎಂದು ಯಾರಾದರೂ ನಿರೀಕ್ಷಿಸುತ್ತಿದ್ದರು. ಅವರು ತೆರೆದದ್ದು ಅರ್ಧ ಪುಸ್ತಕ. ರಕ್ಷಣೆ ತಮ್ಮದು, ದಾಳಿ ಕೆನಡಾದ ಒಳಾಂಗಣದ್ದು. ಪಶ್ಚಿಮ ಕೆನಡಾದಿಂದ ಹುಡುಗರು ಬರತೊಡಗಿದರು. ಕೊಲರಾಡೊದ ಸ್ಥಳೀಯರಿಗೂ ಬಾಗಿಲು ತೆರೆಯಿತು. ವಿಶ್ವವಿದ್ಯಾಲಯದಲ್ಲಿ ಲಕ್ರಾಸ್‌ಗೆಂದೇ ಕಟ್ಟಿದ ಪೀಟರ್ ಬಾರ್ಟನ್ ಕ್ರೀಡಾಂಗಣ 2005ರಿಂದಲೇ ಇತ್ತು. ಊರು ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರ. ಪೂರ್ವದಿಂದ ಬಂದ ತಂಡಗಳಿಗೆ ಪಂದ್ಯದ ಕೊನೆಯ ಕಾಲುಭಾಗದಲ್ಲಿ ಉಸಿರು ಸಿಕ್ಕದು. ಇದನ್ನು ಯಾವ ಕೋಚ್ ಕೂಡ ಕಲಿಸಬೇಕಿಲ್ಲ.

2011ರಲ್ಲಿ ಡೆನ್ವರ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ವರ್ಜೀನಿಯಾ ಎದುರು ಸೋಲು. 2013ರಲ್ಲಿ ಮತ್ತೆ ಸೆಮಿಫೈನಲ್, ಸಿರಕ್ಯೂಸ್ ಎದುರು ಒಂದೇ ಗೋಲಿನಿಂದ ಸೋಲು. 2014ರಲ್ಲಿ ಡ್ಯೂಕ್ ಎದುರು. ಮೂರು ಸಲ ಬಾಗಿಲವರೆಗೆ ಬಂದು ಹಿಂತಿರುಗಿದ ತಂಡಕ್ಕೆ 2015ರಲ್ಲಿ ಸಿಕ್ಕ ಹೊಸಬ ಟ್ರೆವರ್ ಬ್ಯಾಪ್ಟಿಸ್ಟ್. ನಮ್ಮ ನ್ಯೂಜೆರ್ಸಿಯ ಹುಡುಗ. ದೊಡ್ಡ ಕಾಲೇಜುಗಳು ಅವರ ಹಿಂದೆ ಬಿದ್ದಿರಲಿಲ್ಲ, ಚಿಕ್ಕ ಶ್ರೇಣಿಯ ಕಾಲೇಜಿಗೆ ಹೋಗುವವರಿದ್ದರು. ಅವರ ಕೆಲಸ ಒಂದೇ: ಪ್ರತಿ ಗೋಲಿನ ನಂತರ ಮೈದಾನದ ನಡುವೆ ಇಬ್ಬರು ಬಗ್ಗಿ ಕುಳಿತು ಚೆಂಡಿಗಾಗಿ ಕೋಲು ತಿರುಚುತ್ತಾರಲ್ಲ, ಅದನ್ನು ಗೆಲ್ಲುವುದು. ಇದನ್ನು ಗೆಲ್ಲುತ್ತಲೇ ಇದ್ದರೆ ಎದುರಾಳಿಗೆ ಚೆಂಡೇ ಸಿಗುವುದಿಲ್ಲ. ಯೋಚಿಸಿದರೆ ಇದೂ ರಕ್ಷಣೆಯೇ, ಗೋಲಿನಿಂದ ನಲವತ್ತು ಗಜ ಮುಂದೆ ಮಾಡಿದ್ದು ಅಷ್ಟೆ. ಕಾಲೇಜಿನ ನಾಲ್ಕೂ ವರ್ಷ ಬ್ಯಾಪ್ಟಿಸ್ಟ್ ಅಖಿಲ ಅಮೆರಿಕ ತಂಡಕ್ಕೆ (ವರ್ಷದ ಶ್ರೇಷ್ಠ ಕಾಲೇಜು ಆಟಗಾರರ ಗೌರವಪಟ್ಟಿ) ಆಯ್ಕೆಯಾದರು.

2015ರ ಸೆಮಿಫೈನಲ್‌ನಲ್ಲಿ ನೋಟ್ರ್ ಡೇಮ್ ಕೊನೆಯ ಕ್ಷಣಗಳಲ್ಲಿ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಬ್ರಿಟಿಷ್ ಕೊಲಂಬಿಯಾದ ವೆಸ್ಲಿ ಬರ್ಗ್ ಗೋಲು ಹೊಡೆದು 11–10ಕ್ಕೆ ಮುಗಿಸಿದರು. ಎರಡು ದಿನಗಳ ನಂತರ, ಮೇ 25ರಂದು, ಫಿಲಡೆಲ್ಫಿಯಾದಲ್ಲಿ ಮೇರಿಲ್ಯಾಂಡ್ ವಿರುದ್ಧ 10–5. ಬರ್ಗ್ ಒಬ್ಬರೇ ಐದು ಗೋಲು. ಎದುರಾಳಿಗೆ ಇಡೀ ಪಂದ್ಯದಲ್ಲಿ ಸಿಕ್ಕದ್ದು ಐದು: ಹಳೆಯ ಪ್ರಿನ್ಸ್‌ಟನ್‌ನ ಕೈಬರಹ. ಹೊಡೆದ ಹತ್ತರಲ್ಲಿ ಅರ್ಧ ಕೆನಡಾದವರೊಬ್ಬರದು: ಹೊಸ ಕೈಬರಹ. 1971ರಿಂದ ನ್ಯೂಯಾರ್ಕ್‌ಗೂ ನಾರ್ತ್ ಕ್ಯಾರೊಲಿನಾಕ್ಕೂ ನಡುವಿನ ಪಟ್ಟಿಯಲ್ಲೇ ಓಡಾಡುತ್ತಿದ್ದ ಪ್ರಶಸ್ತಿ ಮೊದಲ ಬಾರಿಗೆ ಪಶ್ಚಿಮಕ್ಕೆ ಹೋಯಿತು. ಪುರುಷರ ಮೊದಲ ಶ್ರೇಣಿಯಲ್ಲಿ ಎರಡು ಬೇರೆ ಕಾಲೇಜುಗಳಿಗೆ ಪ್ರಶಸ್ತಿ ಗೆದ್ದುಕೊಟ್ಟ ಮೊದಲ ಕೋಚ್ ಟಿಯರ್ನಿ. ಒಟ್ಟು ಏಳು. ಪುರುಷರ ವಿಭಾಗದಲ್ಲಿ ಎಂದು ಒತ್ತಿ ಹೇಳಬೇಕು, ಏಕೆಂದರೆ ಮಹಿಳೆಯರ ಲಕ್ರಾಸ್‌ನಲ್ಲಿ ಸಿಂಡಿ ಟಿಮ್ಚಲ್ ಮೇರಿಲ್ಯಾಂಡಿಗೆ 1992ರಲ್ಲಿ ಒಂದು, 1995ರಿಂದ 2001ರವರೆಗೆ ಸತತ ಏಳು, ಹೀಗೆ ಎಂಟು ಗೆದ್ದುಕೊಟ್ಟಿದ್ದಾರೆ. ಅವರ ಬಗ್ಗೆ ಬರೆಯುವವರು ಕಡಿಮೆ ಎಂಬುದು ಬೇರೆಯೇ ಒಂದು ಬರಹಕ್ಕೆ ವಸ್ತು.

ಇಲ್ಲಿನ ನಮ್ಮ ಪರಿಚಯಸ್ಥರಲ್ಲಿ ಲಕ್ರಾಸ್ ಎಂದರೆ ಕಾಲೇಜು ಪ್ರವೇಶಕ್ಕೊಂದು ಕಳ್ಳದಾರಿ ಎಂದು ನಂಬಿದವರಿದ್ದಾರೆ. ಎಂಟನೆಯ ತರಗತಿಯಿಂದಲೇ ಖಾಸಗಿ ಕ್ಲಬ್ಬು, ಬೇಸಿಗೆ ಶಿಬಿರ, ಹೋಟೆಲು, ವಿಮಾನ ಎಂದು ಖರ್ಚು ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಒಂದು ಅಂಕಿ: ಬಹುಕಾಲ ಮೊದಲ ಶ್ರೇಣಿಯ ಪುರುಷರ ತಂಡವೊಂದಕ್ಕೆ ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನ 12.6, ಅದನ್ನು ಹಂಚಿಕೊಳ್ಳುವವರು ನಲವತ್ತು ಐವತ್ತು ಹುಡುಗರು. ಐವಿ ಲೀಗಿನಲ್ಲಂತೂ ಸೊನ್ನೆ. ಖರ್ಚಾದ ಹಣ ಮರಳಿ ಬರುವ ಮಾತಲ್ಲ. ಕೋಚ್ ಒಂದು ಮಾತು ಹೇಳಿದರೆ ಪ್ರವೇಶ ಕಚೇರಿ ಕಿವಿಗೊಡುತ್ತದೆ ಎಂಬುದು ನಿಜ. ಆದರೆ ಆ ಮಾತು ಸಿಗುವುದು ಬೆರಳೆಣಿಕೆಯವರಿಗೆ, ಅವರಲ್ಲಿ ಹೆಚ್ಚಿನವರು ಅನುಕೂಲಸ್ಥರ ಮನೆಯವರೇ. ಹೌಡನೊಶೋನಿ ಮಕ್ಕಳು ಹುಟ್ಟಿದಾಗಲೇ ಕೈಗೆ ಕೋಲು ಕೊಡುವ ಆಟ ಇವತ್ತು ದುಬಾರಿ ಬಡಾವಣೆಗಳ ಗುರುತಾಗಿದೆ. ಲೆವಿಟೌನ್‌ನ ಮೇಷ್ಟರೊಬ್ಬರು ಅದರ ಶಿಖರಕ್ಕೆ ಹೋದದ್ದು ಐವತ್ತು ವರ್ಷದ ಹಿಂದೆ ಸಾಧ್ಯವಿತ್ತು. ಈಗ ಅಂಥವರಿಗೆ ಆ ದಾರಿ ಎಷ್ಟು ತೆರೆದಿದೆಯೆಂಬ ಪ್ರಶ್ನೆಗೆ ನನ್ನ ಉತ್ತರ ಅಷ್ಟು ಆಶಾದಾಯಕವಲ್ಲ.

2023ರ ಋತು ಮುಗಿಸಿ ಟಿಯರ್ನಿ ಕಾಲೇಜು ಲಕ್ರಾಸ್‌ನಿಂದ ನಿವೃತ್ತರಾದರು. ಅಷ್ಟು ಹೊತ್ತಿಗೆ ಗೆದ್ದ ಪಂದ್ಯಗಳು ನಾನೂರಕ್ಕೂ ಹೆಚ್ಚು. ನಿವೃತ್ತಿ ಅವರ ಕೈಲಾಗುವ ಕೆಲಸವಲ್ಲವೆಂದು ಕಾಣುತ್ತದೆ; ಮರುವರ್ಷವೇ ವೃತ್ತಿಪರ ಲೀಗಿನ ಫಿಲಡೆಲ್ಫಿಯಾ ವಾಟರ್‌ಡಾಗ್ಸ್ ತಂಡದ ಕೋಚ್ ಆದರು. ಡೆನ್ವರ್‌ನಲ್ಲಿ ಅವರ ಜಾಗಕ್ಕೆ ಬಂದವರು ಮ್ಯಾಟ್ ಬ್ರೌನ್. ಪ್ರಿನ್ಸ್‌ಟನ್ ವಿಷಯದಲ್ಲಿ ಹೀಗಾಗಲಿಲ್ಲ. ಟಿಯರ್ನಿ ಬಿಟ್ಟ ಮೇಲೆ ಆ ತಂಡ ಮತ್ತೆ ಸೆಮಿಫೈನಲ್ ನೋಡಿದ್ದು 2022ರಲ್ಲಿ, 2004ರ ನಂತರ ಹದಿನೆಂಟು ವರ್ಷಕ್ಕೆ. ಬ್ರೌನ್ ಮೊದಲನೆಯ ಋತುವಿನಲ್ಲೇ, 2024ರಲ್ಲಿ, ಸಿರಕ್ಯೂಸನ್ನು ಕ್ವಾರ್ಟರ್ ಫೈನಲ್‌ನಲ್ಲಿ ಮಣಿಸಿ ಡೆನ್ವರ್ ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಅಲ್ಲಿ ನೋಟ್ರ್ ಡೇಮ್ 13–6ರಿಂದ ಸೋಲಿಸಿತು. 2015ರ ಲೆಕ್ಕ ಅವರು ಚುಕ್ತಾ ಮಾಡಿಕೊಂಡರು.